ಕುರಿ ಮೇಯುವ ಕುರುಚಲು ಕಾಡಿನಲ್ಲೇ ಹುಳ ಜಾಸ್ತಿ ಸಿಗುತ್ತಿವೆ, ಯಾಕೆ?

ಬೇಲಿಯಾಚೆ:
ಎಲ್ಲರಿಗೂ ನಮಸ್ಕಾರ. ಒಂದು ಪ್ರಶ್ನೆ ತಲೆ ತಿನ್ನುತ್ತಿದೆ. ಒಣ ಕುರುಚಲು ಕಾಡು, ನಡುವೆ ಒಂದು ಬೇಲಿ. ಈಚೆ ಕಡೆ ಕುರಿ, ಮೇಕೆ, ಒಂದಿಷ್ಟು ದನ ಮೇಯುತ್ತವೆ. ಆಚೆ ಕಡೆ ಎಷ್ಟೋ ವರ್ಷಗಳಿಂದ ಜಾನುವಾರು ಕಾಲಿಟ್ಟಿಲ್ಲ. ಎರಡೂ ಕಡೆ ಪ್ಲಾಸ್ಟಿಕ್ ಲೋಟಗಳನ್ನು ಬಾಯಿ ನೆಲಕ್ಕೆ ಸಮನಾಗುವಂತೆ ಹೂತಿದ್ದೇನೆ. ತಳದಲ್ಲಿ ಸ್ವಲ್ಪ ಸೋಪಿನ ನೀರು. ಬಿದ್ದ ಹುಳಗಳನ್ನು ಬೆಳಿಗ್ಗೆ ಎಣಿಸುತ್ತೇನೆ. ಪ್ರತಿ ಸಲವೂ ಮೇಯುವ ಕಡೆಯ ಲೋಟಗಳಲ್ಲೇ ಜಾಸ್ತಿ. ಅದರಲ್ಲೂ ಇರುವೆ ಅಂತೂ ಕೇಳಲೇಬೇಡಿ. ಓದಿದ್ದೆಲ್ಲ ‘ಮೇಯಿಸಿದರೆ ಕೀಟ ಕಡಿಮೆಯಾಗುತ್ತವೆ’ ಅನ್ನುತ್ತದೆ. ಹಾಗಾದರೆ ಇದೇನು? ಮೇಯಿಸುವುದು ಹುಳಗಳಿಗೆ ಒಳ್ಳೆಯದು ಅಂತ ಬರೆದುಬಿಡಬಹುದಾ?

ನೆಲಹುಳ:
ಈಗಲೇ ಬರೆಯಬೇಡಿ. ಲೋಟ ಹೂಳುವ ವಿಧಾನದಲ್ಲೇ ಒಂದು ಒಳಸುಳಿ ಇದೆ. ಹುಳ ಎಷ್ಟಿವೆ ಅನ್ನೋದನ್ನು ಲೋಟ ಹೇಳುವುದಿಲ್ಲ. ಎಷ್ಟು ಓಡಾಡುತ್ತಿವೆ ಅನ್ನೋದನ್ನು ಹೇಳುತ್ತದೆ.

ಮೇಯುವ ಕಡೆ ನೆಲ ಬೋಳಾಗಿರುತ್ತದೆ ಅಲ್ವಾ? ಬೋಳು ನೆಲದಲ್ಲಿ ಇರುವೆಗೆ ಅಡ್ಡ ಬರುವಂಥದ್ದು ಏನೂ ಇಲ್ಲ. ಬೇಗ ಓಡುತ್ತದೆ, ದೂರ ಓಡುತ್ತದೆ, ಲೋಟಕ್ಕೆ ಬೀಳುತ್ತದೆ. ಬೇಲಿಯ ಆಚೆ ಉದುರಿದ ಎಲೆ, ಒಣ ಹುಲ್ಲು, ಕಡ್ಡಿ. ಅದೇ ಇರುವೆ ಅಲ್ಲಿ ಒಂದೊಂದು ಎಲೆ ಹತ್ತಿ ಇಳಿಯಬೇಕು. ಎಷ್ಟೋ ಸಲ ಹುಲ್ಲಿನ ಮೇಲೆಯೇ ದಾಟಿಬಿಡುತ್ತದೆ, ಲೋಟದ ಬಾಯಿ ಅದಕ್ಕೆ ಸಿಗುವುದೇ ಇಲ್ಲ. ಎರಡೂ ಕಡೆ ಇರುವೆ ಒಂದೇ ಸಮ ಇದ್ದರೂ ಲೆಕ್ಕ ಮಾತ್ರ ಬೋಳು ನೆಲದ ಕಡೆಗೇ ವಾಲುತ್ತದೆ.

ಇನ್ನೊಂದು ವಿಷಯ. ಇರುವೆಗಳ ತಲೆ ಎಣಿಸಬೇಡಿ. ಗೂಡಿನ ಬಾಯಿ ಹತ್ತಿರ ಒಂದು ಲೋಟ ಇದ್ದರೆ ಅದೊಂದರಲ್ಲೇ ರಾಶಿ ಬೀಳುತ್ತದೆ. ಒಂದು ಜಾತಿ ಇರುವೆ ಎಷ್ಟು ಲೋಟಗಳಲ್ಲಿ ಸಿಕ್ಕಿತು ಅಂತ ಬರೆದಿಡಿ. ಅದು ಹೆಚ್ಚು ನಂಬುವಂಥ ಲೆಕ್ಕ.

ಗಿಡದ ಮೇಲಿನ ಹುಳಕ್ಕೆ ಲೋಟ ಕೆಲಸಕ್ಕೇ ಬರಲ್ಲ. ಪೊದೆಯ ಕೆಳಗೆ ಬಿಳಿ ಬಟ್ಟೆ ಹಿಡಿದು ಕೊಂಬೆಗೆ ಕೋಲಿನಿಂದ ತಟ್ಟಿ, ಉದುರಿದ್ದನ್ನು ನೋಡಿ. ಜೇನು, ಕಣಜಗಳಿಗೆ ಹಳದಿ, ನೀಲಿ, ಬಿಳಿ ಬಟ್ಟಲುಗಳಲ್ಲಿ ಸೋಪಿನ ನೀರು ಇಡಿ, ಬಣ್ಣಕ್ಕೆ ಬರುತ್ತವೆ. ಇಷ್ಟೂ ಮಾಡಿದ ಮೇಲೆ ಮಾತಾಡೋಣ.

ಎಕ್ಕದಗಿಡ:
ನೆಲಹುಳ ಅವರು ಹೇಳಿದ್ದು ಸರಿ. ಆದರೆ ಲೆಕ್ಕ ಎಷ್ಟೇ ಸರಿಯಾದರೂ ‘ಎಷ್ಟು’ ಅನ್ನೋ ಪ್ರಶ್ನೆಯೇ ಇಲ್ಲಿ ದಾರಿ ತಪ್ಪಿಸುತ್ತದೆ. ಕೇಳಬೇಕಾದದ್ದು ‘ಯಾವುದು’ ಅಂತ.

ಅತಿಯಾಗಿ ಮೇಯಿಸಿದ ನೆಲದಲ್ಲಿ ಏನು ಉಳಿಯುತ್ತದೆ? ಜಾನುವಾರು ಬಾಯಿ ಹಾಕದ ಗಿಡ. ಎಕ್ಕ ತಗೊಳ್ಳಿ. ಹಾಲು ವಿಷ, ಮೇಕೆಯೂ ಸಾಮಾನ್ಯವಾಗಿ ಮುಟ್ಟಲ್ಲ. ಉಳಿದ ಗಿಡ ಹೋದಷ್ಟೂ ಎಕ್ಕ ಹಬ್ಬುತ್ತದೆ. ಎಕ್ಕದ ಎಲೆ ತಿಂದು ಬೆಳೆಯುವ ಚಿಟ್ಟೆ ಒಂದಿದೆ. ಕಿತ್ತಳೆ ರೆಕ್ಕೆ, ಕಪ್ಪು ಅಂಚು, ತುದಿಯಲ್ಲಿ ಬಿಳಿ ಚುಕ್ಕೆ, ವೈಜ್ಞಾನಿಕ ಹೆಸರು ಡಾನಾಸ್ ಕ್ರೈಸಿಪ್ಪಸ್. ಆಫ್ರಿಕಾದಿಂದ ಏಷ್ಯಾವರೆಗೆ ಎಲ್ಲೆಲ್ಲೂ ಇದೆ. ಎಕ್ಕ ತಿನ್ನುವ ಬಣ್ಣಬಣ್ಣದ ದೊಡ್ಡ ಮಿಡತೆಯೂ ಇದೆ. ಹೂವಿಗೆ ಕಪ್ಪು ಬಡಗಿ ಜೇನು ಬರುತ್ತದೆ. ಅಂಥ ಜಾಗದಲ್ಲಿ ನಿಂತರೆ ‘ಅಬ್ಬಾ, ಎಷ್ಟು ಚಿಟ್ಟೆ!’ ಅನ್ನಿಸುತ್ತದೆ. ಆದರೆ ಸ್ವಲ್ಪ ಹೊತ್ತು ನೋಡಿ, ಅದೇ ಚಿಟ್ಟೆ ಮತ್ತೆ ಮತ್ತೆ. ಸಣ್ಣ ನೀಲಿ ಚಿಟ್ಟೆ, ಹುಲ್ಲಿನ ಕಂದು ಚಿಟ್ಟೆ, ಮೃದು ಎಲೆಯ ಬೇಳೆಜಾತಿ ಗಿಡಗಳನ್ನು ನಂಬಿಕೊಂಡ ಹುಳಗಳು ಕಾಣಲ್ಲ.

ಅದಕ್ಕೇ ಲೋಟದಲ್ಲಿ ಸಿಕ್ಕಿದ್ದನ್ನು ಜಾತಿ ಜಾತಿ ಬೇರೆ ಮಾಡಿ. ಹೆಸರು ಗೊತ್ತಾಗಬೇಕಂತಿಲ್ಲ. ಬೇರೆ ಬೇರೆ ಕಾಣುವುದನ್ನು ಬೇರೆ ಬೇರೆ ಇಡಿ, ಸಾಕು.

ಕುರಿಕಾಯೋನು:
ನಾನು ಕುರಿ ಸಾಕುವವನು. ಓದಿದವರ ಹಾಗೆ ಹೇಳೋಕೆ ಬರಲ್ಲ, ಆದರೂ ಒಂದು ಮಾತು. ಎಲ್ಲದಕ್ಕೂ ಕುರಿ ಮೇಲೆ ತಪ್ಪು ಹೊರಿಸೋದು ತುಂಬಾ ಸುಲಭ. ಮೇಯಿಸೋದು ನಿಲ್ಲಿಸಿದ ಜಾಗ ನೋಡಿದ್ದೀರಾ? ಕೆಲವು ವರ್ಷಕ್ಕೆ ಪೊದೆ ಪೊದೆಗೆ ಕೂಡಿಕೊಂಡು ಒಳಗೆ ಬಿಸಿಲೇ ಬೀಳಲ್ಲ. ಹುಲ್ಲು ಸಾಯುತ್ತೆ, ಹೂ ಇಲ್ಲ. ಒಳಗೆ ಹೋದರೆ ಸೊಳ್ಳೆ ಬಿಟ್ಟರೆ ಏನೂ ಹಾರಲ್ಲ. ಕುರಿ ಓಡಾಡೋ ಕಡೆ ದಾರಿ ದಾರಿಯಾಗಿ ತೆರಪು ಇರುತ್ತೆ, ಬಿಸಿಲು ಬೀಳುತ್ತೆ. ಇದೂ ಲೆಕ್ಕಕ್ಕೆ ಬರಬೇಕು ಅಲ್ವಾ?

ಜಾಲಿಮುಳ್ಳು:
ಬರಲೇಬೇಕು ಅಣ್ಣ. ನಿಮ್ಮ ಮಾತಿಗೆ ದೊಡ್ಡ ಸಾಕ್ಷಿಯೇ ಇದೆ. ಅದು ಕುರುಚಲು ಕಾಡಲ್ಲ, ಬ್ರಿಟನ್ನಿನ ಹುಲ್ಲುಗಾವಲು. ಆದರೆ ಪಾಠ ಇಲ್ಲಿಗೂ ಹೊಂದುತ್ತದೆ. ಅಲ್ಲಿ ‘ಲಾರ್ಜ್ ಬ್ಲೂ’ ಅನ್ನೋ ನೀಲಿ ಚಿಟ್ಟೆ ಇತ್ತು. ಅದರ ಮರಿಹುಳ ಒಂದು ಜಾತಿ ಕೆಂಪಿರುವೆಯ ಗೂಡೊಳಗೆ ಹೋಗಿ, ಇರುವೆ ಮರಿಗಳನ್ನೇ ತಿಂದು ಬೆಳೆಯುತ್ತದೆ. ಇರುವೆಗಳು ಅದನ್ನು ತಮ್ಮದೇ ಮರಿ ಅಂದುಕೊಂಡು ಒಳಗೆ ಎತ್ತಿಕೊಂಡು ಹೋಗುತ್ತವೆ. ಆ ಇರುವೆಗೆ ಬಿಸಿ ನೆಲ ಬೇಕು. ಬಿಸಿ ನೆಲಕ್ಕೆ ಗಿಡ್ಡ ಹುಲ್ಲು ಬೇಕು. ಗಿಡ್ಡ ಹುಲ್ಲಿಗೆ ಮೇಯುವ ಪ್ರಾಣಿ ಬೇಕು. ಮೇಯಿಸುವುದು ಕಡಿಮೆಯಾಯಿತು. 1950ರ ದಶಕದಲ್ಲಿ ರೋಗ ಬಂದು ಮೊಲಗಳೂ ಸತ್ತವು. ಹುಲ್ಲು ಎತ್ತರವಾಯಿತು, ನೆಲ ತಣ್ಣಗಾಯಿತು, ಆ ಇರುವೆ ಹೋಗಿ ಬೇರೆ ಇರುವೆ ಬಂತು. 1979ಕ್ಕೆ ಅಲ್ಲಿ ಚಿಟ್ಟೆ ಅಳಿದೇ ಹೋಯಿತು. ಅದಕ್ಕೂ ಮೊದಲು ಚಿಟ್ಟೆ ಉಳಿಸಬೇಕು ಅಂತ ಬೇಲಿ ಹಾಕಿದವರೂ ಇದ್ದರು, ನೋಡಿ! ಈ ಇರುವೆ ಕತೆ ಬಿಡಿಸಿದವರು ಜೆರೆಮಿ ಥಾಮಸ್. ಆಮೇಲೆ ಸ್ವೀಡನ್ನಿನಿಂದ ಚಿಟ್ಟೆ ತಂದು, ಹುಲ್ಲು ಮೇಯಿಸುತ್ತಾ ಮತ್ತೆ ನೆಲೆಗೊಳಿಸಿದರು.

ಆದರೆ ಅಣ್ಣ, ಒಂದು ವ್ಯತ್ಯಾಸ ಇದೆ. ಅಲ್ಲಿ ಸಮಸ್ಯೆ ನೆಲ ತಣ್ಣಗಾಗಿದ್ದು. ಒಣ ಕುರುಚಲು ಕಾಡಿನಲ್ಲಿ ಬಿಸಿಗೆ ಬರ ಇಲ್ಲ. ಬೇಸಿಗೆಯ ಮಧ್ಯಾಹ್ನ ಬೋಳು ಮರಳಿನ ಮೇಲ್ಮೈ 60 ಡಿಗ್ರಿ ದಾಟುವ ಜಾಗಗಳಿವೆ. ಅಲ್ಲಿ ಹುಳಕ್ಕೆ ಬೇಕಾದದ್ದು ಪೊದೆಯ ನೆರಳು, ಅದರ ಕೆಳಗಿನ ಎಲೆಕಸ. ಮೇಕೆ ಪೊದೆಯ ಕೆಳಗಿನ ಕೊಂಬೆಗಳನ್ನೆಲ್ಲ ಬೋಳಿಸಿದರೆ ಗಾಳಿ, ಬಿಸಿಲು ಸೀದಾ ಬುಡಕ್ಕೆ ಬರುತ್ತದೆ. ಎಲೆಕಸ ಹಾರಿಹೋಗುತ್ತದೆ. ಅದನ್ನು ನಂಬಿದ್ದ ಜಿರಳೆ, ಸಣ್ಣ ಜೀರುಂಡೆ ಎಲ್ಲಕ್ಕೂ ಮನೆ ಹೋದ ಹಾಗೆ.

ಇದಕ್ಕೆ ಕೆನ್ಯಾದ ಲೈಕಿಪಿಯಾದಲ್ಲಿ 1995ರಿಂದ ನಡೆಯುತ್ತಿರುವ ಬೇಲಿ ಪ್ರಯೋಗ ಒಳ್ಳೆಯ ಉದಾಹರಣೆ. ಒಂದೊಂದು ಬೇಲಿಯೊಳಗೆ ಬೇರೆ ಬೇರೆ ಪ್ರಾಣಿಗಳಿಗೆ ಪ್ರವೇಶ. ಕೆಲವಕ್ಕೆ ದನ, ಕೆಲವಕ್ಕೆ ಕಾಡುಪ್ರಾಣಿ, ಕೆಲವಕ್ಕೆ ಯಾವುದೂ ಇಲ್ಲ. ದೊಡ್ಡ ಪ್ರಾಣಿಗಳನ್ನು ತಡೆದ ಕಡೆ ಮರಗಿಡ ಹೆಚ್ಚಿ, ಜೀರುಂಡೆ ಹೆಚ್ಚಿ, ಅವನ್ನು ತಿನ್ನುವ ಹಲ್ಲಿಗಳೂ ಹೆಚ್ಚಿದವು. ಆ ವ್ಯತ್ಯಾಸ ಮಣ್ಣು ಬಡವಾಗಿದ್ದ, ಗಿಡಗಳ ಬೆಳವಣಿಗೆ ಕಡಿಮೆ ಇದ್ದ ಜಾಗದಲ್ಲೇ ಜೋರಾಗಿ ಕಂಡಿತು. ನೆಲ ಬಡವಾದಷ್ಟೂ ಮೇಯುವ ಬಾಯಿಯ ಪೆಟ್ಟು ಜಾಸ್ತಿ.

ಎಕ್ಕದಗಿಡ:
ಅದೇ ಲೈಕಿಪಿಯಾದ ಜಾಲಿ ಮರದ ಕತೆ ಬಿಟ್ಟರಲ್ಲ! ಅದು ಇನ್ನೂ ಮಜಾ. ಅಲ್ಲಿನ ಒಂದು ಜಾಲಿಗೆ ಮುಳ್ಳಿನ ಬುಡ ಉಬ್ಬಿ ಟೊಳ್ಳಾಗಿರುತ್ತದೆ. ಅದರೊಳಗೆ ಇರುವೆ ವಾಸ. ಮರ ಜೊತೆಗೆ ಸಿಹಿ ರಸವನ್ನೂ ಕೊಡುತ್ತದೆ. ಆನೆ, ಜಿರಾಫೆ ಬಾಯಿ ಹಾಕಿದರೆ ಇರುವೆ ಕಚ್ಚಿ ಓಡಿಸುತ್ತದೆ. 2008ರಲ್ಲಿ ಬಂದ ವರದಿ ಪ್ರಕಾರ, ದೊಡ್ಡ ಪ್ರಾಣಿಗಳನ್ನು ತಡೆದ ಕಡೆ ಮರಗಳು ಮನೆ, ರಸ ಎರಡನ್ನೂ ಕಡಿಮೆ ಮಾಡಿದವು. ಕಾವಲಿನ ಇರುವೆ ಹಿಂದೆ ಸರಿಯಿತು. ಆ ಜಾಗಕ್ಕೆ ಕಾವಲು ಕಾಯದ ಇನ್ನೊಂದು ಜಾತಿ ಬಂತು. ಅದು ಇರೋದು ಕಾಂಡ ಕೊರೆಯುವ ಜೀರುಂಡೆಯ ಸುರಂಗಗಳಲ್ಲಿ! ಮರಗಳು ಸೊರಗಿದವು. ತಿನ್ನುವವರು ಹೋದರೆ ಮರ ಚೆನ್ನಾಗಿರುತ್ತದೆ ಅಂತ ನಾವು ಲೆಕ್ಕ ಹಾಕ್ತೀವಿ, ಅಲ್ಲಿ ಆದದ್ದು ಉಲ್ಟಾ.

ಕುರಿಕಾಯೋನು:
ಹಾಗಾದರೆ ಮೇಯಿಸಿದರೂ ಕಷ್ಟ, ಬಿಟ್ಟರೂ ಕಷ್ಟ. ನಾವೇನು ಮಾಡಬೇಕು ಅಂತ ಯಾರಾದರೂ ನೆಟ್ಟಗೆ ಹೇಳಿ ಸ್ವಾಮಿ.

ಹಿಕ್ಕೆಪುರಾಣ:
ಹೇಳುತ್ತೇನೆ, ಅದಕ್ಕೆ ಮುಂಚೆ ಇಷ್ಟು ಹೊತ್ತು ಯಾರೂ ಸಗಣಿ ಹೆಸರೇ ಎತ್ತಲಿಲ್ಲವಲ್ಲ! ಜಾನುವಾರು ಕಾಡಿನಿಂದ ತಗೊಳ್ಳೋದು ಮಾತ್ರ ಅಲ್ಲ, ಕೊಡೋದೂ ಇದೆ.

ಹಸಿ ಸಗಣಿ ನೆಲಕ್ಕೆ ಬಿದ್ದ ಕೆಲವೇ ನಿಮಿಷಕ್ಕೆ ನೊಣ ಬರುತ್ತದೆ. ಹಿಂದೆಯೇ ಸಗಣಿ ಹುಳ. ಕೆಲವು ಅದರೊಳಗೇ ಇರುತ್ತವೆ. ಕೆಲವು ಅಡಿಯಲ್ಲೇ ಸುರಂಗ ತೋಡಿ ಸಗಣಿ ಒಳಗೆ ಎಳೆಯುತ್ತವೆ. ಕೆಲವು ಉಂಡೆ ಮಾಡಿ ಹಿಂಗಾಲಲ್ಲಿ ಉರುಳಿಸಿಕೊಂಡು ಹೋಗುತ್ತವೆ. ಒಂದು ದಿನ ಕೂತು ನೋಡಿ, ಉಂಡೆ ಕದಿಯುವ ಕಳ್ಳ ಹುಳಗಳೂ ಕಾಣುತ್ತವೆ. ಒಣ ಸೀಮೆಯಲ್ಲಿ ಇವಕ್ಕೆ ಹೊತ್ತು ಕಡಿಮೆ. ದನದ ಸಗಣಿ ಮೇಲೆ ಬೇಗ ಹೊಪ್ಪಳಿಕೆ ಕಟ್ಟುತ್ತದೆ. ಕುರಿ ಮೇಕೆ ಹಿಕ್ಕೆ ಅಂತೂ ಬಿಸಿಲಿಗೆ ಇನ್ನೂ ಬೇಗ ಒಣಗುತ್ತದೆ. ಒಣಗಿದ ಮೇಲೆ ಕೆಲಸ ಗೆದ್ದಲಿನದು. ಒಣ ಕಾಲದಲ್ಲಿ ಒಂದು ಹಳೇ ಸಗಣಿ ಎತ್ತಿ ನೋಡಿ. ಮೇಲೆ ಚಿಪ್ಪಿನ ಹಾಗೆ ಇರುತ್ತದೆ, ಅಡಿಯಲ್ಲಿ ಮಣ್ಣು ಮೆತ್ತಿಕೊಂಡು ಒಳಗೆಲ್ಲ ಖಾಲಿ.

ಈ ಹುಳಗಳಿಲ್ಲದಿದ್ದರೆ ಏನಾಗುತ್ತದೆ ಅಂತ ಆಸ್ಟ್ರೇಲಿಯಾ ನೋಡಿ ಕಲಿತಿದ್ದೇವೆ. ಅಲ್ಲಿನ ಸಗಣಿ ಹುಳಗಳಿಗೆ ರೂಢಿ ಇದ್ದದ್ದು ಕಾಂಗರೂಗಳ ಒಣ ಹಿಕ್ಕೆ. ದನ ಬಂದ ಮೇಲೆ ದೊಡ್ಡ ಹಸಿ ಸಗಣಿಯನ್ನು ಕೇಳುವವರೇ ಇಲ್ಲ. ಹುಲ್ಲು ಮುಚ್ಚಿಹೋಯಿತು, ನೊಣ ಸಿಕ್ಕಾಪಟ್ಟೆ ಆಯಿತು. ಜಾರ್ಜ್ ಬೊರ್ನೆಮಿಸ್ಸಾ ಅನ್ನೋ ವಿಜ್ಞಾನಿ ಬೇರೆ ದೇಶಗಳಿಂದ ಸಗಣಿ ಹುಳ ತರಿಸುವ ಯೋಜನೆ ಶುರು ಮಾಡಿಸಿದರು. 1960ರ ದಶಕದಿಂದ ಸುಮಾರು 20 ವರ್ಷ ನಡೆಯಿತು. ತಂದವುಗಳಲ್ಲಿ 20ಕ್ಕೂ ಹೆಚ್ಚು ಜಾತಿ ಅಲ್ಲೇ ನೆಲೆ ನಿಂತಿವೆ.

ಈಗ ಅಸಲು ವಿಷಯ. ಕುರಿಕಾಯೋನು ಅಣ್ಣ, ಜಂತುಹುಳಕ್ಕೆ ಏನು ಹಾಕ್ತೀರಿ?

ಕುರಿಕಾಯೋನು:
ಒಂದು ಸಲ ಇಂಜೆಕ್ಷನ್, ಒಂದು ಸಲ ಕುಡಿಸೋ ಔಷಧಿ. ಐವರ್‌ಮೆಕ್ಟಿನ್ ಹಾಕಿದ್ದೀವಿ, ಆಲ್ಬೆಂಡಜೋಲ್ ಕುಡಿಸಿದ್ದೀವಿ. ಉಣ್ಣಿಗೆ ಬೆನ್ನ ಮೇಲೆ ಸುರಿಯೋದು ಬೇರೆ. ಮಂದೆಗೆಲ್ಲ ಒಟ್ಟಿಗೇ ಹಾಕಿಬಿಡ್ತೀವಿ.

ಹಿಕ್ಕೆಪುರಾಣ:
ಅಲ್ಲೇ ಇದೆ ನೋಡಿ. ಐವರ್‌ಮೆಕ್ಟಿನ್ ಬಲು ಒಳ್ಳೆಯ ಔಷಧಿ. ಅದನ್ನು ಕಂಡುಹಿಡಿದ ಕೆಲಸಕ್ಕೆ 2015ರಲ್ಲಿ ನೊಬೆಲ್ ಬಂತು. ಆದರೆ ಅದು ಪ್ರಾಣಿಯ ಮೈಯಿಂದ ಹೊರಗೆ ಹೋಗುವುದು ಹೆಚ್ಚಾಗಿ ಸಗಣಿಯಲ್ಲೇ, ಹೋದ ಮೇಲೂ ಹುಳ ಕೊಲ್ಲುವ ಗುಣ ಉಳಿಸಿಕೊಂಡಿರುತ್ತದೆ. ಆ ಸಗಣಿಯಲ್ಲಿ ಮೊಟ್ಟೆಯಿಟ್ಟ ನೊಣ, ಸಗಣಿ ಹುಳಗಳ ಮರಿಗಳು ಸಾಯುತ್ತವೆ. 1987ರಲ್ಲೇ ಬ್ರಿಟನ್ನಿನ ಇಬ್ಬರು ವಿಜ್ಞಾನಿಗಳು ತೋರಿಸಿದ್ದರು, ಔಷಧಿ ಕೊಟ್ಟ ಕರುಗಳ ಸಗಣಿ ಕರಗದೆ ಹಾಗೇ ಉಳಿಯಿತು. ಅವರು ಬಳಸಿದ್ದು ಹೊಟ್ಟೆಯೊಳಗೆ ಕೂತು ನಿಧಾನಕ್ಕೆ ಔಷಧಿ ಬಿಡುವ ಗುಳಿಗೆ. ಹುಳಗಳ ಪಾಲಿಗೆ ಅದೇ ಎಲ್ಲಕ್ಕಿಂತ ಕೆಟ್ಟದ್ದು. ಡೆಲ್ಟಾಮೆಥ್ರಿನ್ ಥರದ, ಬೆನ್ನ ಮೇಲೆ ಸುರಿಯುವ ಔಷಧಿಯೂ ಸಗಣಿಗೆ ಬರುತ್ತದೆ, ಅದೂ ಸಗಣಿ ಹುಳಕ್ಕೆ ವಿಷವೇ. ಆಲ್ಬೆಂಡಜೋಲ್ ಗುಂಪಿನದು ಅಷ್ಟು ತೊಂದರೆ ಮಾಡಲ್ಲ.

ಸುಮ್ನೆ ಔಷಧಿ ನಿಲ್ಲಿಸಿ ಅಂತ ನಾನು ಹೇಳ್ತಿಲ್ಲ, ಕುರಿ ಸತ್ತರೆ ಯಾರು ಹೊಣೆ? ಹಿಕ್ಕೆ ಪರೀಕ್ಷೆ ಮಾಡಿಸಿ, ಜಂತು ಜಾಸ್ತಿ ಇರುವವಕ್ಕೆ ಮಾತ್ರ ಹಾಕಿ. ಹಾಕಿದವನ್ನು ಮೊದಲ ಕೆಲವು ದಿನ ದೊಡ್ಡಿಯಲ್ಲೇ ಕಟ್ಟಿ ಮೇವು ಹಾಕಿ, ಔಷಧಿ ಹೆಚ್ಚು ಹೊರಗೆ ಬರುವುದು ಆಗಲೇ. ಮಳೆ ಬಿದ್ದು ಸಗಣಿ ಹುಳ ಹೊರಬರುವ ವಾರಗಳಲ್ಲಿ ಮಂದೆಗೆಲ್ಲ ಒಟ್ಟಿಗೆ ಐವರ್‌ಮೆಕ್ಟಿನ್ ಹಾಕಬೇಡಿ. ಯಾವುದು, ಯಾವಾಗ ಅನ್ನೋದನ್ನು ಪಶುವೈದ್ಯರ ಜೊತೆ ಕೂತು ತೀರ್ಮಾನಿಸಿ. ಎಲ್ಲಕ್ಕೂ ಒಂದೇ ಔಷಧಿ ಪದೇ ಪದೇ ಹಾಕಿದರೆ ಜಂತುಗಳಿಗೂ ಅದು ನಾಟದ ಹಾಗಾಗುತ್ತದೆ, ಅಲ್ಲಿಗೆ ನಿಮಗೂ ನಷ್ಟ.

ನನ್ನ ಅನುಮಾನ ಏನೆಂದರೆ, ‘ಮೇಯಿಸಿದ್ದರಿಂದ ಕೀಟ ಹೋದವು’ ಅನ್ನೋ ಎಷ್ಟೋ ಕಡೆ ಅರ್ಧ ತಪ್ಪು ಬಾಯಿಯದ್ದಲ್ಲ, ಸಿರಿಂಜಿನದು.

ಜಾಲಿಮುಳ್ಳು:
ಅರ್ಧ ಅನ್ನೋದು ಜಾಸ್ತಿಯಾಯಿತು. ಪೊದೆಯ ಮೇಲಿನ ಹುಳಕ್ಕೂ ಸಿರಿಂಜಿಗೂ ಸಂಬಂಧವೇ ಇಲ್ಲ. ಅಲ್ಲಿ ಪೆಟ್ಟು ಬೀಳುವುದು ಬಾಯಿಂದಲೇ. ಹೂ, ಮೊಗ್ಗು ತಿಂದರೆ ಜೇನಿಗೆ ಆಹಾರ ಇಲ್ಲ. ಎಲೆ ತಿಂದರೆ ಅದರ ಮೇಲಿನ ಮೊಟ್ಟೆಯೂ ಹೋಯಿತು. ಒಣ ಕಾಂಡದೊಳಗೆ ಗೂಡು ಮಾಡುವ ಒಂಟಿ ಜೇನುಗಳಿಗೆ ಕಾಂಡ ಮುರಿದರೆ ಮುಗಿಯಿತು. ಜೇನು ಜಾತಿಗಳಲ್ಲಿ ಹೆಚ್ಚು ಪಾಲು ನೆಲದಲ್ಲೇ ಬಿಲ ತೋಡುವಂಥವು. ಅವಕ್ಕೆ ಸ್ವಲ್ಪ ಬೋಳು ನೆಲ ಬೇಕು, ನಿಜ, ಆದರೆ ದಿನಾ ಗೊರಸು ಬೀಳುವ ನೆಲ ಗಟ್ಟಿಯಾದರೆ ತೋಡೋಕಾಗಲ್ಲ.

ನೆಲಹುಳ:
ಮೊಟ್ಟೆ, ಎಲೆಯೊಳಗೆ ಸುರಂಗ ಮಾಡುವ ಹುಳ, ಗಂಟು ಕಟ್ಟುವ ಹುಳ, ಇವು ಓಡೋಕಾಗಲ್ಲ, ಎಲೆ ಜೊತೆ ಹೊಟ್ಟೆಗೇ ಹೋಗುತ್ತವೆ. ಓಡಬಲ್ಲವು ಹೇಗೆ ಓಡುತ್ತವೆ ಅಂತ ಇಸ್ರೇಲಿನ ವಿಜ್ಞಾನಿಗಳು 2010ರಲ್ಲಿ ಬರೆದಿದ್ದಾರೆ. ನಾನು ಓದಿದವುಗಳಲ್ಲೇ ಇಷ್ಟವಾದದ್ದು ಇದು. ಗಿಡಹೇನು ಕೂತ ಗಿಡಕ್ಕೆ ಮೇಕೆ ಬಾಯಿ ಹಾಕುತ್ತದೆ. ಎಲೆ ಬಾಯಿಗೆ ಸೇರುವ ಮುಂಚೆಯೇ ಮೂರರಲ್ಲಿ ಎರಡು ಪಾಲಿನಷ್ಟು ಹೇನು ಪಟಪಟ ಅಂತ ನೆಲಕ್ಕೆ ಉದುರಿಬಿಡುತ್ತವೆ. ಏನು ನೋಡಿ ಉದುರುತ್ತವೆ? ನೆರಳು ಬೀಳಿಸಿದರು, ಅಲ್ಲಾಡಲಿಲ್ಲ. ಗಿಡ ಅಲುಗಾಡಿಸಿದರು, ಸ್ವಲ್ಪ ಮಾತ್ರ ಬಿದ್ದವು. ಕೊನೆಗೆ ಬಿಸಿಯಾದ, ತೇವ ಇರುವ ಗಾಳಿ ಊದಿದರು, ಹೆಚ್ಚಿನವು ಉದುರಿದವು. ಮೇಕೆಯ ಉಸಿರು ಅದು! ಬಿಸಿಯೊಂದೇ ಸಾಲದು, ತೇವವೊಂದೇ ಸಾಲದು, ಎರಡೂ ಕೂಡಿರಬೇಕು.

ಮೇಕೆಯೂ ಕಣ್ಣು ಮುಚ್ಚಿ ತಿನ್ನಲ್ಲ. ಕೆಟ್ಟ ಕಂಬಳಿಹುಳ ಇದ್ದರೆ ತುಟಿಯಲ್ಲೇ ಬೇರೆ ಮಾಡಿ ಎಲೆ ತಿನ್ನುತ್ತದೆ.

ಕುರಿಕಾಯೋನು:
ಇದು ನಾನೂ ಕಂಡಿದ್ದೀನಿ. ಮೇಕೆ ತುಟಿ ನಮ್ಮ ಬೆರಳಿಗಿಂತ ಚುರುಕು. ಕುರಿ ಹಾಗಲ್ಲ, ನೆಲಕ್ಕೇ ಬಾಯಿ ಹಚ್ಚಿ ಬುಡದ ತನಕ ಕತ್ತರಿಸುತ್ತೆ. ದನ ನಾಲಿಗೆ ಸುತ್ತಿ ಎಳೆಯುತ್ತೆ, ಸ್ವಲ್ಪ ಕೂಳೆ ಉಳಿಯುತ್ತೆ. ‘ಜಾನುವಾರು’ ಅಂತ ಎಲ್ಲಾ ಒಂದೇ ಮಾಡಬೇಡಿ.

ಬೇಲಿಯಾಚೆ:
ಎಲ್ಲರಿಗೂ ಧನ್ಯವಾದ. ಲೋಟದ ಹುಳಗಳನ್ನು ಜಾತಿ ಪ್ರಕಾರ ಬೇರೆ ಮಾಡಿದೆ. ಈಚೆ ಕಡೆ ಹೆಚ್ಚಿನವು ಬೀಜ ಹೊರುವ ಒಂದೇ ಜಾತಿ ಇರುವೆ, ಜೊತೆಗೆ ಬೂದು ಮಿಡತೆ. ಆಚೆ ಕಡೆ ಒಟ್ಟು ತಲೆ ಕಡಿಮೆ, ಆದರೆ ಬಗೆ ಜಾಸ್ತಿ. ಬಿಳಿ ಬಟ್ಟೆ ಹಿಡಿದು ತಟ್ಟಿದಾಗ ವ್ಯತ್ಯಾಸ ಇನ್ನೂ ಎದ್ದು ಕಾಣಿಸಿತು. ಆಚೆಯ ಪೊದೆಯಿಂದ ಜೇಡ, ಮರಿಹುಳ, ಸಣ್ಣ ತಿಗಣೆ ಜಾತಿ ಏನೇನೋ ಉದುರಿದವು. ಈಚೆಯದರಿಂದ ಬರೀ ಧೂಳು, ನಾಲ್ಕಾರು ಇರುವೆ. ಆದರೆ ಮಿಡತೆ ಮಾತ್ರ ಈಚೆಯೇ ಯಾಕೆ ಜಾಸ್ತಿ? ತಿನ್ನೋಕೆ ಹಸಿರೇ ಇಲ್ಲವಲ್ಲ?

ಜಾಲಿಮುಳ್ಳು:
ಮಿಡತೆ ಮೊಟ್ಟೆ ಇಡುವುದು ಮಣ್ಣಲ್ಲಿ. ಎಷ್ಟೋ ಜಾತಿಗೆ ಬಿಸಿಲು ಬೀಳುವ ತೆರೆದ ನೆಲ ಇಷ್ಟ. ಅದೊಂದೇ ಅಲ್ಲ. 2012ರಲ್ಲಿ ಇನ್ನರ್ ಮಂಗೋಲಿಯಾದ ಹುಲ್ಲುಗಾವಲಿನಿಂದ ಒಂದು ಅಧ್ಯಯನ ಬಂತು. ಕುರಿ ಅತಿಯಾಗಿ ಮೇಯ್ದ ಕಡೆ ಹುಲ್ಲಿನಲ್ಲಿ ಸಾರಜನಕ ಕಡಿಮೆಯಾಗಿತ್ತು. ನಮ್ಮ ಲೆಕ್ಕದಲ್ಲಿ ಅದು ಬಡ ಮೇವು. ಆದರೆ ಅಲ್ಲಿನ ಒಂದು ಜಾತಿ ಮಿಡತೆಗೆ ಅದೇ ಇಷ್ಟ. ಪ್ರೋಟೀನ್ ಜಾಸ್ತಿ ಇದ್ದ ಹುಲ್ಲು ತಿಂದರೆ ಅದು ಸರಿಯಾಗಿ ಬೆಳೆಯಲೇ ಇಲ್ಲ. ಅಂದರೆ ಅತಿಯಾಗಿ ಮೇಯಿಸಿದವರು ತಮಗೇ ಗೊತ್ತಿಲ್ಲದೆ ಮಿಡತೆ ಸಾಕಿದ ಹಾಗಾಯಿತು, ಆಮೇಲೆ ಅದೇ ಮಿಡತೆ ಕುರಿಯ ಮೇವಿಗೆ ಬಾಯಿ ಹಾಕುತ್ತದೆ. ಎಲ್ಲಾ ಮಿಡತೆಗೂ ಇದೇ ನಿಯಮ ಅಂತಲ್ಲ, ಜಾತಿ ಮೇಲೆ ಹೋಗುತ್ತದೆ.

ಬೀಜದ ಇರುವೆಯದ್ದೂ ಅಷ್ಟೇ. ಬೋಳು ನೆಲದಲ್ಲಿ ಬೀಜ ಸುಲಭವಾಗಿ ಸಿಗುತ್ತದೆ, ಹೊರೋದೂ ಸುಲಭ. ಮಳೆಗೆ ಹುಟ್ಟಿ ಬೀಜ ಬಿಟ್ಟು ಸಾಯುವ ಸಣ್ಣ ಗಿಡಗಳು ಇರುವ ತನಕ ಅದಕ್ಕೆ ತೊಂದರೆ ಇಲ್ಲ.

ಎಕ್ಕದಗಿಡ:
ಬೇಲಿಯ ಎರಡು ಕಡೆ ಮಾತ್ರ ನೋಡಿದರೆ ‘ಇದೆ’ ಅಥವಾ ‘ಇಲ್ಲ’ ಅಷ್ಟೇ ಸಿಗುತ್ತದೆ. ಜಾನುವಾರು ನೀರು ಕುಡಿಯುವ ತೊಟ್ಟಿ ಎಲ್ಲಿದೆ ನೋಡಿ. ಅಲ್ಲಿಂದ ದೂರ ಹೋಗುತ್ತಾ ಹೋಗುತ್ತಾ ಲೋಟ ಹೂಳಿ. ತೊಟ್ಟಿಯ ಸುತ್ತ ತುಳಿದು ಪುಡಿ ಮಣ್ಣು, ಆಮೇಲೆ ಬೋಳು, ಆಮೇಲೆ ಅರೆಬರೆ, ಕೊನೆಗೆ ಮೇಯಲು ಯಾರೂ ಅಷ್ಟು ದೂರ ಬರದ ಜಾಗ. ಆಸ್ಟ್ರೇಲಿಯಾದಲ್ಲಿ ಕುರಿ ಜಾಡು ಗುರುತಿಸಿದವರು 1969ರಲ್ಲೇ ಈ ಸುತ್ತಿಗೆ ಪಯೋಸ್ಫಿಯರ್ ಅಂತ ಹೆಸರಿಟ್ಟಿದ್ದರು. ಹೀಗೆ ಮಾಡಿದರೆ ಎಲ್ಲಿಗೆ ಬಂದಾಗ ಹುಳಗಳ ಬಗೆ ಕುಸಿಯುತ್ತದೆ ಅಂತ ಕಾಣುತ್ತದೆ. ನನ್ನ ಅಂದಾಜು, ಅರೆಬರೆ ಮೇಯುವ ಪಟ್ಟಿಯಲ್ಲೇ ನಿಮಗೆ ಆಶ್ಚರ್ಯ ಕಾದಿದೆ. ಅಲ್ಲಿ ಎರಡೂ ಕಡೆಯ ಹುಳ ಸಿಗಬಹುದು.

ಕುರಿಕಾಯೋನು:
ನನ್ನ ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲ. ಯಾವಾಗ ಮೇಯಿಸಲಿ, ಯಾವಾಗ ಬಿಡಲಿ?

ಜಾಲಿಮುಳ್ಳು:
ನಾನಾದರೆ ಹೀಗೆ ಮಾಡ್ತೀನಿ ಅಣ್ಣ. ಒಣ ಸೀಮೆಯ ಹುಳಗಳ ಬದುಕೆಲ್ಲ ಮಳೆ ಬಿದ್ದ ಮೇಲಿನ ಕೆಲವೇ ವಾರಗಳಲ್ಲಿ ನಡೆಯುತ್ತದೆ. ಮೊಟ್ಟೆ, ಮರಿ, ಹೂ, ಬೀಜ ಎಲ್ಲ ಆಗಲೇ. ಆ ವಾರಗಳಲ್ಲಿ ಇಡೀ ಕಾಡಿಗೆ ಮಂದೆ ಬಿಡಬಾರದು. ಒಂದು ಭಾಗ ಪೂರ್ತಿ ಬಿಟ್ಟು ಉಳಿದದ್ದರಲ್ಲಿ ಮೇಯಿಸಬೇಕು. ಹೂ ಮುಗಿದು ಬೀಜ ಉದುರಿದ ಮೇಲೆ ಅಲ್ಲಿಗೂ ಬಿಡಬಹುದು. ಮುಂದಿನ ವರ್ಷ ಬೇರೆ ಭಾಗಕ್ಕೆ ಬಿಡುವು. ದೊಡ್ಡ, ಒತ್ತಾದ ಪೊದೆಗಳನ್ನು ಮೇಕೆ ಕೈಲಿ ಬೋಳಿಸಬೇಡಿ, ಅವುಗಳ ಬುಡದಲ್ಲೇ ಹೆಚ್ಚು ಹುಳ ಇರೋದು. ಪೂರ್ತಿ ಕೂಡಿಕೊಂಡು ಕತ್ತಲಾಗಿರುವ ಕಡೆ ನಿಮ್ಮ ಮೇಕೆಗಳೇ ತೆರಪು ಮಾಡಲಿ. ಕುರಿ ಸಂಖ್ಯೆ ಎಷ್ಟಿರಬೇಕು ಅನ್ನೋದು ಆ ವರ್ಷದ ಮಳೆ ಮೇಲೆ. ಬರದ ವರ್ಷದಲ್ಲಿ ಅಷ್ಟೇ ಕುರಿ ಇಟ್ಟುಕೊಂಡರೆ ಹಾಳಾಗೋದು ಆಗಲೇ.

ಕುರಿಕಾಯೋನು:
ಬರದ ವರ್ಷ ಕುರಿ ಕಡಿಮೆ ಮಾಡು ಅನ್ನೋದು ಹೇಳೋಕೆ ಸುಲಭ, ಆಗ ಎಲ್ಲರೂ ಮಾರ್ತಾರೆ, ಬೆಲೆಯೇ ಸಿಗಲ್ಲ. ಮಳೆ ಆದ ಮೇಲೆ ಒಂದು ಭಾಗ ಬಿಡೋದು ಮಾತ್ರ ಆಗುತ್ತೆ. ಅದನ್ನು ಮಾಡ್ತೀನಿ.

ಹಿಕ್ಕೆಪುರಾಣ:
ಬೇಲಿಯಾಚೆ ಅವರೇ, ನಿಮ್ಮ ಲೋಟಗಳಲ್ಲಿ ಕೆಲವಕ್ಕೆ ಮೇಲೆ ಸಣ್ಣ ಜಾಲರಿ ಬಟ್ಟೆಯಲ್ಲಿ ಹಸಿ ಸಗಣಿ ಕಟ್ಟಿ ತೂಗುಬಿಡಿ, ಸಗಣಿ ಹುಳ ತಾವಾಗೇ ಬಂದು ಬೀಳುತ್ತವೆ. ಎರಡೂ ಕಡೆ ಒಂದೇ ಪ್ರಾಣಿಯ, ಒಂದೇ ದಿನದ ಸಗಣಿ ಇರಲಿ. ಜಂತಿನ ಔಷಧಿ ಹಾಕದ ಪ್ರಾಣಿಯದ್ದೇ ಆಗಬೇಕು. ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ ಸಗಣಿ ಬದಲಿಸಿ. ಹಗಲು ಬರುವ ಹುಳ ಬೇರೆ, ರಾತ್ರಿ ಬರುವ ಹುಳ ಬೇರೆ. ಸಿಕ್ಕಿದ್ದರ ಫೋಟೋ ಇಲ್ಲೇ ಹಾಕಿ, ತಲೆ ಮತ್ತು ಹಿಂಗಾಲು ಚೆನ್ನಾಗಿ ಕಾಣಬೇಕು. ಉರುಳಿಸುವುದಾ, ಹೂಳುವುದಾ ಅಂತ ಅದರಿಂದಲೇ ಹೇಳಬಹುದು.